ಸಂಯೋಜಕ ಶೊಪ್ಯಾನ್‌ನ ಇ ಮೇಜರ್ ಎಟ್ಯೂಡನ್ನು (ಪಿಯಾನೋ ಅಭ್ಯಾಸಕೃತಿ, ಓಪಸ್ 10, ಸಂಖ್ಯೆ 3) ಎಷ್ಟು ವೇಗದಲ್ಲಿ ನುಡಿಸಬೇಕು?

ಪುಸ್ತಕದಲ್ಲಿ ಕ್ವೇವರಿಗೆ 100 (ಕ್ವೇವರ್ ಎಂಬ ಅಳತೆಯ ಸ್ವರಗಳು ನಿಮಿಷಕ್ಕೆ 100) ಎಂದಿದೆ, ಕೇಳಿದ ಧ್ವನಿಮುದ್ರಿಕೆಗಳೆಲ್ಲ ಅದಕ್ಕಿಂತ ಬಹಳ ನಿಧಾನ, ನಿಮ್ಮ ಗುರುಗಳು 60 ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ ಎಂದಿದ್ದೀರಿ. ನಾನಾದರೆ 80ರ ಆಸುಪಾಸಿನಲ್ಲಿ ಆರಂಭಿಸುತ್ತೇನೆ. ಅದಕ್ಕೆ ಕಾರಣ ಎಲ್ಲರೂ ಗುನುಗುವ ಆರಂಭದ ಭಾಗದಲ್ಲಿಲ್ಲ, ಅದರ ಮುಂದಿನ ಭಾಗದಲ್ಲಿದೆ.

21ನೇ ಬಾರಿನಲ್ಲಿ (ಬಾರ್ ಎಂದರೆ ಸ್ವರಲಿಪಿಯ ಒಂದು ತಾಳಖಂಡ) ಶೊಪ್ಯಾನ್ 'ಪೋಕೊ ಪ್ಯೂ ಅನಿಮಾಟೊ' ಎಂದು ಬರೆದಿದ್ದಾನೆ. ತುಸು ಚುರುಕಾಗಲಿ, ಅಷ್ಟೇ. 60ರಲ್ಲಿ ಹೊರಟವರು ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾರೆ. ಅವನ ಮಾತಿಗೆ ಕಟ್ಟುಬಿದ್ದು 70ಕ್ಕೆ ಏರಿಸಿದರೆ, 46ನೇ ಬಾರಿನಿಂದ ಎರಡೂ ಕೈಗಳಲ್ಲಿ ಧುಮುಕಬೇಕಾದ ಸಿಕ್ಸ್ತ್‌ಗಳು (ಒಂದು ಸ್ವರ ಮತ್ತು ಅದರಿಂದ ಆರನೆಯದನ್ನು ಒಟ್ಟಿಗೆ ನುಡಿಸುವ ಜೋಡಿಗಳು) ತೆವಳುತ್ತವೆ. ಅಲ್ಲಿ ಬರೆದಿರುವ 'ಕಾನ್ ಬ್ರವೂರಾ' (ಕೆಚ್ಚಿನಿಂದ, ಚಮತ್ಕಾರದಿಂದ) ಅಣಕದಂತೆ ಕಾಣುತ್ತದೆ. 110ಕ್ಕೆ ಹಾರಿದರೆ ಎರಡು ಬೇರೆ ಕೃತಿಗಳನ್ನು ಅಂಟಿಸಿದಂತೆ ಕೇಳಿಸುತ್ತದೆ. ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಿ. ಆ ಸಿಕ್ಸ್ತ್‌ಗಳು ನಿಮ್ಮ ಕೈಯಲ್ಲಿ ಯಾವ ವೇಗಕ್ಕೆ ಜೀವಂತವಾಗುತ್ತವೆ ಎಂದು ಮೊದಲು ಗುರುತಿಸಿಕೊಂಡು, ಅದಕ್ಕಿಂತ ತುಸು ಕೆಳಗೆ ಆರಂಭವನ್ನು ಇಡಿ.

ಹಾಗಂತ 100 ಎಂಬುದು ಅಚ್ಚಿನ ದೋಷವಲ್ಲ. ಹಸ್ತಪ್ರತಿಯಲ್ಲಿ ಅವನು ಮೊದಲು 'ವಿವಾಚೆ' (ಚುರುಕಾಗಿ) ಎಂದೇ ಬರೆದಿದ್ದ. 1833ರಲ್ಲಿ ಮುದ್ರಣವಾಗುವ ಹೊತ್ತಿಗೆ ಅದು 'ಲೆಂಟೊ ಮ ನಾನ್ ಟ್ರೊಪ್ಪೊ' (ನಿಧಾನ, ಆದರೆ ಅತಿಯಲ್ಲ) ಆಯಿತು. ಮೆಟ್ರೊನೋಮ್ (ಲಯ ಬಡಿಯುವ ಸಾಧನ) ಅವನ ಪಿಯಾನೋದ ಮೇಲೆ ಸದಾ ಇರುತ್ತಿತ್ತೆಂದು ಶಿಷ್ಯ ಮಿಕುಲಿ ಹೇಳಿದ್ದಾನೆ, ಹಾಗಾಗಿ ಅಂಕಿಯನ್ನು ತಳ್ಳಿಹಾಕುವಂತಿಲ್ಲ. ಎರಡು ಕ್ರಾಚೆಟ್‌ಗಳ, ಅಂದರೆ ನಾಲ್ಕು ಕ್ವೇವರ್‌ಗಳ, ಬಾರುಗಳು 77. 100ರ ವೇಗದಲ್ಲಿ ಇಡೀ ಕೃತಿ ಮೂರು ನಿಮಿಷದಷ್ಟರಲ್ಲೇ ಮುಗಿಯುತ್ತದೆ. ಇಂದಿನ ಅನೇಕ ಧ್ವನಿಮುದ್ರಿಕೆಗಳು ನಾಲ್ಕು ನಿಮಿಷ ದಾಟುತ್ತವೆ. 'ತ್ರಿಸ್ತೆಸ್' (ದುಃಖ) ಎಂಬ ಅಡ್ಡಹೆಸರಿನ ಪಾಲೂ ಇದರಲ್ಲಿ ಇದ್ದೀತು. ಆ ಹೆಸರು ಶೊಪ್ಯಾನ್ ಇಟ್ಟದ್ದಲ್ಲ, ಆದರೆ ಒಮ್ಮೆ ಕಿವಿಗೆ ಬಿದ್ದರೆ ಕೈ ತಾನಾಗಿ ಭಾರವಾಗುತ್ತದೆ.

ಮತ್ತೆ ನಾನೇಕೆ 100 ಎನ್ನುತ್ತಿಲ್ಲ? ಅವನಿಗೆ ಪ್ರಿಯವಾಗಿದ್ದ ಪ್ಲೆಯೆಲ್ ಪಿಯಾನೋಗಳ ಕೀಲಿ ಹಗುರ, ನಾದ ಬೇಗ ಕರಗುತ್ತಿತ್ತು. ಇಂದಿನ ದೊಡ್ಡ ಪಿಯಾನೋದಲ್ಲಿ ನಾದ ಹೆಚ್ಚು ಹೊತ್ತು ಉಳಿಯುತ್ತದೆ, ಪೆಡಲ್ ಒತ್ತಿದರೆ ಇನ್ನೂ ತುಂಬಿಕೊಳ್ಳುತ್ತದೆ. ಇಲ್ಲಿ ಬಲಗೈಯ ದುರ್ಬಲ ಬೆರಳುಗಳಾದ ನಾಲ್ಕು ಮತ್ತು ಐದು ಹಾಡನ್ನು ಹೊರಬೇಕು, ಅದೇ ಕೈಯ ಹೆಬ್ಬೆರಳು ಮತ್ತು ತೋರುಬೆರಳು ಸೆಮಿಕ್ವೇವರ್‌ಗಳನ್ನು (ಕ್ವೇವರಿನ ಅರ್ಧದಷ್ಟಿರುವ ಸ್ವರಗಳನ್ನು) ಪಿಸುಗುಡಬೇಕು. 100ರಲ್ಲಿ ನನಗೆ ಆ ಪಿಸುಮಾತು ಗದ್ದಲವಾಗಿ ಕೇಳುತ್ತದೆ. ನಿಮ್ಮ ಮನೆಯದು ಡಿಜಿಟಲ್ ಪಿಯಾನೋ ಆಗಿದ್ದರೆ ಒಂದೆರಡು ಅಂಕಿ ಆಚೀಚೆ ಆದೀತು.

ಮೆಟ್ರೊನೋಮನ್ನು ಮೊದಲ ನಾಲ್ಕು ಬಾರುಗಳಿಗೆ ಹಚ್ಚಿ ಆರಿಸಿಬಿಡಿ. ಎಡಗೈ ನಿರ್ದೇಶಕ, ಅದು ಲಯ ಕಾಯಲಿ, ಬಲಗೈ ಅದರ ಮೇಲೆ ಹಿಗ್ಗಲಿ ಕುಗ್ಗಲಿ ಎಂಬುದು ಶೊಪ್ಯಾನ್ ಶಿಷ್ಯರಿಗೆ ಹೇಳುತ್ತಿದ್ದ ಮಾತು. ಮೇಲಿನ ಸ್ವರಸಾಲನ್ನು ಬಾಯಿಬಿಟ್ಟು ಹಾಡಿಯೂ ನೋಡಿ, ಕಂಠ ಹೇಗಿದ್ದರೂ ಸರಿ. ಪದೇ ಪದೇ ಉಸಿರು ಎಳೆದುಕೊಳ್ಳಬೇಕಾದರೆ ಗತಿ ಜೋತುಬಿದ್ದಿದೆ.

ಗುರುಗಳೊಂದಿಗೆ ವಾದಕ್ಕಿಳಿಯಬೇಡಿ. 60ರಲ್ಲಿ ಆರಂಭಿಸಿ ಸಿಕ್ಸ್ತ್‌ಗಳವರೆಗೆ ಒಮ್ಮೆ, 80ರಲ್ಲಿ ಇನ್ನೊಮ್ಮೆ ಅವರೆದುರು ನುಡಿಸಿ, ಯಾವುದು ಸರಿಯೆಂದು ಅವರನ್ನೇ ಕೇಳಿ.