ದುಬೈದಿಂದ ವಾಪಸ್ ಬಂದವರಿಗೆ ಯುವನಿಧಿ, ಸರ್ಕಾರಿ ಮನಿ ಸಿಗ್ತಾವೇನು?

ಅಣ್ಣಾ, ದುಬೈದಾಗ ಕೆಲಸ ಹೋಗಿ ಆಳಂದ ಕಡಿ ಹಳ್ಳಿಗಿ ಬಂದೀನಿ, 2016ರಾಗ ಬಿಎ ಆಗ್ಯದ, ಯುವನಿಧಿ ಮತ್ತ ಮನಿ ಸಿಗ್ತಾವೇನು ಅಂತ ಕೇಳೀರಿ. ಯುವನಿಧಿ ನಿಮಗ ಬರಂಗಿಲ್ರಿ, ಅದು 2022-23ರಾಗ ಇಲ್ಲಾ ಆಮ್ಯಾಲ ಪಾಸಾಗಿ 180 ದಿನ ಕೆಲಸ ಸಿಗದವರಿಗಿ, ಡಿಗ್ರಿಗಿ ತಿಂಗಳಿಗಿ 3000 ಡಿಪ್ಲೊಮಾಕ್ಕ 1500, ಅದೂ ಎರಡೇ ವರ್ಷ, ಯಾರರ ಮಾಡಿಸಿಕೊಡ್ತೀನಿ ಅಂದ್ರ ರೊಕ್ಕ ಕೊಡಬ್ಯಾಡ್ರಿ. ಮನಿದು ಮಾತ್ರ ಬಿಡಬ್ಯಾಡ್ರಿ! ಮನ್ಯಾಗ ಯಾರ ಹೆಸರಿಗೂ ಎಲ್ಲೂ ಪಕ್ಕಾ ಮನಿ ಇರಬಾರದು. ಮೊದಲ ರೇಷನ್ ಕಾರ್ಡಿನಾಗ ನಿಮ್ಮ ಹೆಸರು ಅದ ಏನು ನೋಡ್ರಿ, ನಮ್ಮ ಮಾವ ಸೌದಿದಿಂದ ಬಂದಾಗ ಇಕೆವೈಸಿ (ಆಧಾರ್ ಮ್ಯಾಲ ಗುರುತು ಖಾತ್ರಿ ಮಾಡೋದು) ಆಗಿಲ್ಲಂತ ಹೆಸರೇ ಹೋಗಿತ್ತು, ಪಾಪ ಭಾಳ ತಿರುಗಾಡಿದ್ರು. ಆಮ್ಯಾಲ ಪಂಚಾಯ್ತಿದಾಗ ಗ್ರಾಮಸಭಾ ಯಾವಾಗ ಅದ ಕೇಳ್ರಿ, ಮನಿ ಯಾರಿಗಿ ಅನ್ನೋ ಲಿಸ್ಟ್ ಅಲ್ಲೇ ಆಗೋದು, ನೀವೇ ಹೋಗಿ ಕೂಡ್ರಿ.