ಕಡುನೀಲಿ ಹರಳು: ಲಿನಾರೈಟೋ, ಅಜುರೈಟೋ?

ಪ್ರಶ್ನೆ: ಹಳೆಯ ಸೀಸದ ಗಣಿಯಿಂದ ಬಂದ ಕಲ್ಲಿನ ಬಿರುಕಿನಲ್ಲಿ ಕಡುನೀಲಿ ಬಣ್ಣದ ಪುಟ್ಟ ಹರಳುಗಳಿವೆ. ಒಬ್ಬರು ಅಜುರೈಟ್ ಎಂದರು, ಇನ್ನೊಬ್ಬರು ಅಪರೂಪದ ಲಿನಾರೈಟ್ ಎಂದರು. ಪ್ರಯೋಗಾಲಯಕ್ಕೆ ಕಳಿಸದೆ ತಿಳಿಯಬಹುದೇ?

ಉತ್ತರ: ಬಹುಮಟ್ಟಿಗೆ ತಿಳಿಯಬಹುದು. ಆದರೆ ಬಣ್ಣವನ್ನು ನಂಬಬೇಡಿ. ಎರಡೂ ಕಡುನೀಲಿ, ಬಿಳಿ ಪಿಂಗಾಣಿ ಬಿಲ್ಲೆಗೆ ಉಜ್ಜಿದರೆ ಎರಡೂ ಬಿಡುವುದು ತಿಳಿನೀಲಿ ಗೀರನ್ನೇ. ಅಜುರೈಟ್ ತಾಮ್ರದ ಕಾರ್ಬೊನೇಟ್. ಲಿನಾರೈಟ್ ಸೀಸ ಮತ್ತು ತಾಮ್ರ ಎರಡನ್ನೂ ಹೊಂದಿದ ಸಲ್ಫೇಟ್. ಹಾಗಾಗಿ ಆಮ್ಲ ಪರೀಕ್ಷೆಯೇ ಇಲ್ಲಿ ದಾರಿ.

ಗುಂಡುಸೂಜಿಯ ತಲೆಯಷ್ಟು ಚೂರನ್ನು ಬಿಡಿಸಿ ಗಾಜಿನ ಪಟ್ಟಿಯ ಮೇಲಿಡಿ. ಒಂಬತ್ತು ಪಾಲು ನೀರಿಗೆ ಒಂದು ಪಾಲು ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ (ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ), ತಣ್ಣಗಾದ ಮೇಲೆ ಒಂದು ಹನಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಗುಳ್ಳೆಯೆದ್ದು ಚೂರು ಕರಗುತ್ತಾ ಹೋದರೆ ಅಜುರೈಟ್. ಗುಳ್ಳೆಯೇ ಇಲ್ಲದೆ ಮೇಲೆ ಬಿಳಿ ಪೊರೆ ಕಟ್ಟಿದರೆ ಲಿನಾರೈಟ್. ಆ ಬಿಳಿ ಸೀಸದ ಕ್ಲೋರೈಡ್. ಬಿಸಿ ಮಾಡಬೇಡಿ, ಬಿಸಿಯಲ್ಲಿ ಅದು ಕರಗಿ ಗುರುತೇ ಮಾಯವಾಗುತ್ತದೆ.

ಜನ ಹೆಚ್ಚಾಗಿ ಎಡವುವುದು ಚೂರಿನ ಶುದ್ಧತೆಯಲ್ಲಿ. ಅಂಟಿಕೊಂಡ ಕ್ಯಾಲ್ಸೈಟ್, ಮ್ಯಾಲಕೈಟ್, ಸೆರುಸೈಟ್‌ಗಳೂ ಕಾರ್ಬೊನೇಟುಗಳೇ. ಗುಳ್ಳೆ ಅವುಗಳಿಂದೆದ್ದರೂ ಲಿನಾರೈಟನ್ನು ಅಜುರೈಟ್ ಎಂದು ತಳ್ಳಿಹಾಕಿಬಿಡುತ್ತೇವೆ. ಗುಳ್ಳೆ ನೀಲಿ ಚೂರಿನಿಂದಲೇ ಬರುತ್ತಿದೆಯೇ, ಪಕ್ಕದಿಂದಲೇ ಎಂದು ಗಮನಿಸಿ.

ಗಡಸುತನವೂ ನೆರವಾಗುತ್ತದೆ. ಲಿನಾರೈಟ್ ಮೋಸ್ ಮಾಪನದಲ್ಲಿ 2.5, ಅಜುರೈಟ್ 3.5ರಿಂದ 4. ಕ್ಯಾಲ್ಸೈಟ್ (3) ಚೂರಿನ ಮೊನೆ ಮೊದಲನೆಯದನ್ನು ಗೀರುತ್ತದೆ, ಎರಡನೆಯದನ್ನಲ್ಲ. ಒಳ್ಳೆಯ ಹರಳಿನ ಮೇಲೆ ಮಾತ್ರ ಈ ಪ್ರಯೋಗ ಬೇಡ. ಜೊತೆಗಿರುವ ಖನಿಜಗಳು ಸುಳಿವಷ್ಟೇ: ಗೆಲೀನಾ (ಸೀಸದ ಸಲ್ಫೈಡ್ ಅದಿರು) ಮತ್ತು ತಾಮ್ರದ ಸಲ್ಫೈಡುಗಳು ಗಾಳಿ, ನೀರಿಗೆ ಸಿಕ್ಕಿ ಉತ್ಕರ್ಷಿಸಿದ ಕಡೆ ಲಿನಾರೈಟ್ ಹುಟ್ಟುತ್ತದೆ. ಸ್ಪೇನಿನ ಲಿನಾರೆಸ್, ಅಮೆರಿಕದ ಅರಿಜೋನಾದ ಟೈಗರ್, ಇಂಗ್ಲೆಂಡಿನ ಕಂಬ್ರಿಯಾದ ಗಣಿಗಳಲ್ಲಿ ಸಿಕ್ಕಿರುವುದು ಹೀಗೆಯೇ. ಆದರೆ ಅಂಥ ಕಡೆ ಅಜುರೈಟ್ ಕೂಡ ಇರಬಹುದು.

ಪ್ರಶ್ನೆ: ತೂಕದಿಂದ ಗುರುತಿಸಲಾಗದೇ?

ಉತ್ತರ: ಆಗುತ್ತದೆ, ಹರಳು ಬಿಡಿಯಾಗಿದ್ದರೆ. 0.01 ಗ್ರಾಂ ತೋರುವ ತಕ್ಕಡಿ ಬೇಕು. ಮೊದಲು ಹರಳನ್ನು ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ತೆಳು ದಾರದಲ್ಲಿ ಕಟ್ಟಿದ ಹರಳನ್ನು ತಳ, ಅಂಚು ತಾಗದಂತೆ ಮುಳುಗಿಸಿ. ಆಗ ತೋರುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. 1.06 ಗ್ರಾಂ ಹರಳಿಗೆ 0.20 ಬಂದರೆ ಸಾಂದ್ರತೆ 5.3, ಲಿನಾರೈಟ್‌ಗೆ ಸರಿಯಾಗಿದೆ. 0.28 ಬಂದರೆ 3.8, ಅಜುರೈಟ್. ಮೈಗಂಟಿದ ಗಾಳಿಗುಳ್ಳೆ ಅಂಕಿಯನ್ನು ಕೆಡಿಸುತ್ತದೆ. ಅದನ್ನು ತಡೆಯಲು ಲೋಟದ ನೀರಿಗೆ ಒಂದು ತೊಟ್ಟು ಸೋಪಿನ ನೀರು ಬೆರೆಸಿದರೆ ಸಾಕು. ಗೆಲೀನಾ (7.5) ಅಂಟಿರುವ ಹರಳಿಗೆ ಈ ಲೆಕ್ಕ ಉಪಯೋಗವಿಲ್ಲ.

ಚೌಕಾಕಾರದ ನೀಲಿ ಬಿಲ್ಲೆಗಳು ಕಂಡರೆ ಮಾತ್ರ ತೀರ್ಮಾನಕ್ಕೆ ಬರಬೇಡಿ. ಡಯಾಬೊಲೈಟ್ ಎಂಬ ಸೀಸ-ತಾಮ್ರದ ಖನಿಜದ ಗಡಸುತನವೂ 2.5, ಸಾಂದ್ರತೆ 5.4. ಅದನ್ನು ಬೇರ್ಪಡಿಸಲು ಎಕ್ಸ್‌-ರೇ ವಿವರ್ತನೆ ಅಥವಾ ರಾಮನ್ ರೋಹಿತದಂಥ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಪ್ರಶ್ನೆ: ಶುಚಿ ಮಾಡುವುದು ಹೇಗೆ?

ಉತ್ತರ: ನೀರು, ಮೆತ್ತನೆ ಬ್ರಷ್, ಅಷ್ಟೇ. ಯಾವ ಆಮ್ಲವೂ ಬೇಡ, ವಿನೆಗರ್ ಕೂಡ. ಸೀಸವಿರುವುದರಿಂದ ಪುಡಿಯನ್ನು ಊದಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಪರೀಕ್ಷೆಯ ಹನಿಯನ್ನು ಚರಂಡಿಗೆ ಬಿಡಬೇಡಿ.