ತಿಂಗಳಿಡೀ ಓದುತ್ತೇನೆ, ನೋಡುತ್ತೇನೆ, ಕೇಳುತ್ತೇನೆ. ಕೊನೆಗೆ ಒಂದೂ ನೆನಪಿರುವುದಿಲ್ಲ. ಏನು ಮಾಡಲಿ?

ದಾವಣಗೆರೆಯಲ್ಲಿ ಕೆಲಸ, ದಿನಕ್ಕೆ ಸಿಗುವುದು ಒಂದೇ ತಾಸು, ವಾರಕ್ಕೊಮ್ಮೆ ಚಿತ್ರದುರ್ಗಕ್ಕೆ ಬಸ್ಸು ಅಂದಿದ್ದೀರಿ. ಆ ಪುಸ್ತಕ ಅರ್ಧ, ಈ ಸಿನಿಮಾ ಅರ್ಧ, ಹಾಡು ಅಂದರೆ ಫೋನು ತಾನಾಗಿ ಹಾಕಿದ್ದು. ನೆನಪಿನ ಶಕ್ತಿಯನ್ನು ಬೈದು ಪ್ರಯೋಜನವಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಸಂಗತಿಗಳನ್ನು ತಲೆ ಇಟ್ಟುಕೊಳ್ಳುವುದಿಲ್ಲ, ಅಷ್ಟೆ. ಒಂದು ತಿಂಗಳಿಗೆ ಒಂದೇ ವಿಷಯ ಹಿಡಿದು, ಓದು, ನೋಟ, ಕೇಳುವಿಕೆ ಮೂರನ್ನೂ ಅದರ ಸುತ್ತ ಕಟ್ಟಿ.

ಮೊದಲು ಲೆಕ್ಕ. 30 ದಿನದಲ್ಲಿ ನಾಲ್ಕು ದಿನ ಮದುವೆ, ಜ್ವರ, ನೆಂಟರಿಗೆ ಹೋಗಿಯೇ ಹೋಗುತ್ತವೆ. ಉಳಿದದ್ದು 26 ತಾಸು. ಸಿನಿಮಾಕ್ಕೆ 6 ತಾಸು ತೆಗೆದಿಡಿ, ಓದಿಗೆ 20. ಕೇಳುವುದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಆಗುತ್ತದೆ. ದಾವಣಗೆರೆ–ದುರ್ಗ ಸುಮಾರು 60 ಕಿಲೋಮೀಟರ್, ಹೋಗಿಬರುವುದೇ ಒಂದು ಸಂಗೀತ ಕಚೇರಿಯಷ್ಟು ಹೊತ್ತು. ನಿಮ್ಮ ಓದಿನ ವೇಗ ತಿಳಿಯಲು ಗಡಿಯಾರ ಇಟ್ಟುಕೊಂಡು ಹತ್ತು ನಿಮಿಷ ಓದಿ, ಪುಟ ಎಣಿಸಿ, ಆರರಿಂದ ಗುಣಿಸಿ. ಕಾದಂಬರಿಯಾದರೆ ತಾಸಿಗೆ 25 ಪುಟ ಸಲೀಸು.

ನಿಮ್ಮ ಊರಿಗೆ ನಾನು ಸೂಚಿಸುವ ವಿಷಯ ಕಾದಂಬರಿಕಾರ ತ.ರಾ.ಸು. ಅವರ ‘ಹಂಸಗೀತೆ’. ಅವರು ಹುಟ್ಟಿದ್ದು 1920ರಲ್ಲಿ, ನಿಮ್ಮ ಜಿಲ್ಲೆಯದೇ ಆದ ಮಲೇಬೆನ್ನೂರಿನಲ್ಲಿ. ಕಾದಂಬರಿ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನದು. ಎಲ್ಲರೂ ಅವರ ‘ದುರ್ಗಾಸ್ತಮಾನ’ ಕಾದಂಬರಿಗೇ ಮೊದಲು ಕೈ ಹಾಕುತ್ತಾರೆ. ದೊಡ್ಡ ಕೃತಿ, ಆದರೆ ಗಾತ್ರವೂ ದೊಡ್ಡದು. ದಿನಕ್ಕೊಂದು ತಾಸಿನವರಿಗೆ ಒಂದು ತಿಂಗಳು ಸಾಲದು, ನಡುವೆ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ.

ಮೊದಲ ವಾರ ಪುಸ್ತಕ ತೆರೆಯುವ ಮುಂಚೆ, ನಾಯಕನ ಹೆಸರಿನಲ್ಲೇ ಇರುವ ಭೈರವಿ ರಾಗಕ್ಕೆ ಕಿವಿ ತಯಾರಾಗಲಿ. ಇಲ್ಲಿ ಬಹಳ ಜನ ಎಡವುತ್ತಾರೆ: ಫೋನಿನಲ್ಲಿ ಬರೀ ‘ಭೈರವಿ’ ಎಂದು ಹುಡುಕಿದರೆ ಹಿಂದೂಸ್ತಾನಿ ಭೈರವಿಯೂ ಬರುತ್ತದೆ, ಅದು ಬೇರೆಯೇ ರಾಗ. ಅದರಲ್ಲಿ ರಿ, ಗ, ಧ, ನಿ ನಾಲ್ಕೂ ಕೋಮಲ, ಅಂದರೆ ತಗ್ಗಿದ ಸ್ವರಗಳು. ಕರ್ನಾಟಕ ಸಂಗೀತದ ಭೈರವಿ 20ನೇ ಮೇಳವಾದ (ತಾಯಿರಾಗವಾದ) ನಠಭೈರವಿಯಲ್ಲಿ ಹುಟ್ಟಿದ್ದು, ರಿಷಭ (ರಿ) ಚತುಶ್ರುತಿ, ಅಂದರೆ ಕೋಮಲಕ್ಕಿಂತ ಮೇಲಿನದು. ಏರುವಾಗ ಒಂದು ಧೈವತ (ಧ), ಇಳಿಯುವಾಗ ಇನ್ನೊಂದು. ಹಾಗಾಗಿ ಕೃತಿಯ ಹೆಸರು ಹಾಕಿ ಹುಡುಕಿ. ಶ್ಯಾಮಾಶಾಸ್ತ್ರಿಗಳ ‘ಕಾಮಾಕ್ಷಿ’ ಸ್ವರಜತಿ (ಒಂದು ಬಗೆಯ ರಚನೆ) ಮೊದಲು. ಅದರ ಒಂದೊಂದು ಚರಣವೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿಂದ ಶುರುವಾಗುತ್ತದೆ, ಮೆಟ್ಟಿಲು ಹತ್ತಿದ ಹಾಗೆ. ಸಂಗೀತ ಬಾರದವರಿಗೂ ಕೈಗೆ ಸಿಗುತ್ತದೆ. ಆಮೇಲೆ ಆದಿಯಪ್ಪಯ್ಯನವರ ‘ವಿರಿಬೋಣಿ’ ವರ್ಣ (ಇದೂ ಒಂದು ಬಗೆಯ ರಚನೆ), ಅಟ ತಾಳ, ತಾಳದ ಒಂದು ಸುತ್ತಿಗೆ 14 ಅಕ್ಷರ, ಅಂದರೆ 14 ಎಣಿಕೆ. ಇವೆರಡನ್ನೇ ಏಳು ದಿನ ಕೇಳಿ, ಮೂರನೆಯದು ಬೇಡ. ಮಾತಿನ ಕಾರ್ಯಕ್ರಮವನ್ನು 1.25 ವೇಗದಲ್ಲಿ ಕೇಳಿದರೆ ನಡೆಯುತ್ತದೆ, ಸಂಗೀತವನ್ನು ಹಾಗೆ ಓಡಿಸಿದರೆ ಗಮಕ, ಅಂದರೆ ಸ್ವರಗಳ ಬಳುಕು, ಕೆಡುತ್ತದೆ.

ಪುಸ್ತಕ ಗ್ರಂಥಾಲಯದ್ದಾದರೆ ಮನೆಗೆ ತರುವ ಮುಂಚೆ ಅಲ್ಲೇ ಪುಟಸಂಖ್ಯೆ ನೋಡಿ. ಹಳೆಯ ಪುಸ್ತಕಗಳನ್ನು ಹೆಚ್ಚಾಗಿ 16 ಪುಟಗಳ ಕಟ್ಟು, ಅಂದರೆ ಫಾರಂ, ಲೆಕ್ಕದಲ್ಲಿ ಹೊಲಿದಿರುತ್ತಾರೆ, ಬಿದ್ದುಹೋದರೆ ಇಡೀ ಫಾರಂ ಹೋಗಿರುತ್ತದೆ: 96 ಆದಮೇಲೆ ನೇರ 113. ಕೊನೆಯ ಫಾರಂ ಇಲ್ಲದಿರುವುದೇ ಹೆಚ್ಚು. ವಾಟ್ಸಾಪಿನಲ್ಲಿ ಓಡಾಡುವ ಪಿಡಿಎಫ್ ನೆಚ್ಚಬೇಡಿ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಹಕ್ಕುಸ್ವಾಮ್ಯ ಅಲ್ಲಿಂದ 60 ವರ್ಷ, ಅಂದರೆ 2044ರ ಕೊನೆಯವರೆಗೆ. ಅದೂ ಅಲ್ಲದೆ ಸ್ಕ್ಯಾನ್ ಮಾಡಿದ ಪುಟ ಫೋನಿನ ಅಗಲಕ್ಕೆ ಮಡಚಿಕೊಳ್ಳುವುದಿಲ್ಲ, ಸಾಲು ಸಾಲಿಗೂ ಎಳೆದಾಡಬೇಕು.

ಓದಿ ಮುಗಿಯುವವರೆಗೆ ಸಿನಿಮಾ ನೋಡಬೇಡಿ. ಒಮ್ಮೆ ನಟನ ಮುಖ ಕಣ್ಣಿಗೆ ಬಿದ್ದರೆ ಕಾದಂಬರಿಯ ಪಾತ್ರಕ್ಕೆ ನೀವು ಕೊಡಬೇಕಿದ್ದ ಮುಖ ಹೋಗಿಬಿಡುತ್ತದೆ. ಮೂರನೇ ವಾರ ಜಿ.ವಿ. ಅಯ್ಯರ್ ಅವರ 1975ರ ‘ಹಂಸಗೀತೆ’ ನೋಡಿ. ಇದರ ಹಾಡಿಗೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಫೋನಿನ ಸ್ಪೀಕರಿನಲ್ಲಿ ತಂಬೂರಿಯ ಮಂದ್ರ (ತಗ್ಗಿನ ಸ್ವರ) ಕೇಳುವುದೇ ಇಲ್ಲ, ಇಯರ್‌ಫೋನ್ ಹಾಕಿ. ಅದೇ ಕಾದಂಬರಿಯಿಂದ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಆಗಿದೆ. ಅಲ್ಲಿ ಕಥೆ ಹಿಂದೂಸ್ತಾನಿಗೆ ತಿರುಗಿದೆ, ಭೀಮಸೇನ ಜೋಶಿ ಮತ್ತು ಮನ್ನಾ ಡೇ ಎದುರುಬದುರು ಹಾಡುತ್ತಾರೆ. ದುರ್ಗದ ಭೈರವಿ ಅಲ್ಲಿ ಏನಾಯಿತು ಅಂತ ನೋಡುವುದೇ ಒಂದು ಮಜಾ. ಎರಡನ್ನೂ ಒಂದೇ ರಾತ್ರಿ ನೋಡಬೇಡಿ, ಕಲಸಿಹೋಗುತ್ತವೆ.

ಓದಿದ್ದು, ನೋಡಿದ್ದು, ಕೇಳಿದ್ದನ್ನು ಬರೆದಿಡಲು ಒಂದು ಲೆಕ್ಕದ ಪುಸ್ತಕ ಇಡಿ, ಅದಕ್ಕೆ ಐದು ಕಲಂ ಸಾಕು: ತಾರೀಕು, ಏನು, ಎಲ್ಲಿಂದ ಎಲ್ಲಿವರೆಗೆ, ಎಷ್ಟು ನಿಮಿಷ, ಒಂದು ವಾಕ್ಯ. ಪುಟದ ಜೊತೆ ಅಧ್ಯಾಯವನ್ನೂ ಬರೆಯಿರಿ, ಮುದ್ರಣ ಬದಲಾದರೆ ಪುಟ ತಪ್ಪುತ್ತದೆ, ಸಿನಿಮಾಕ್ಕೆ ಗಂಟೆ-ನಿಮಿಷ. ‘ಚೆನ್ನಾಗಿದೆ’ ಅನ್ನುವುದು ವಾಕ್ಯವಲ್ಲ. ಯಾರು ಏನು ಮಾಡಿದರು, ಯಾವ ಸ್ವರದಲ್ಲಿ ನಿಂತರು, ಯಾವ ಮಾತು ಚುಚ್ಚಿತು, ಅದನ್ನು ಬರೆಯಿರಿ. ಅವತ್ತೇ ಮಲಗುವ ಮುಂಚೆ. ಭಾನುವಾರಕ್ಕೆ ಒಟ್ಟಿಗೆ ಬರೆಯುತ್ತೇನೆ ಅಂದವರ ಪುಸ್ತಕ ಎರಡನೇ ವಾರಕ್ಕೆ ಖಾಲಿ. ನಕ್ಷತ್ರ ಕೊಡುವ ಅಭ್ಯಾಸ ಬಿಡಿ. ತಿಂಗಳಾದ ಮೇಲೆ ನಾಲ್ಕು ನಕ್ಷತ್ರ ಯಾಕೆ ಕೊಟ್ಟೆ ಅಂತ ನಿಮಗೇ ತಿಳಿಯುವುದಿಲ್ಲ.

ನಾಲ್ಕನೇ ವಾರ ಹೊಸದೇನೂ ಬೇಡ. ಗುರುತು ಹಾಕಿದ ಪುಟಗಳನ್ನಷ್ಟೇ ಮತ್ತೆ ಓದಿ, ‘ಕಾಮಾಕ್ಷಿ’ ಇನ್ನೊಮ್ಮೆ ಕೇಳಿ. ದುರ್ಗಕ್ಕೆ ಹೋದ ದಿನ ಬೆಳಗ್ಗೆಯೇ ಕೋಟೆ ಹತ್ತಿ, ಬಿಸಿಲೇರಿದರೆ ಬಂಡೆ ಕಾಯುತ್ತದೆ.

ಮುಂದಿನ ತಿಂಗಳು ‘ನಾಗರಹಾವು’ ಅಂದುಕೊಂಡರೆ ಒಂದು ಎಚ್ಚರ: ಪುಟ್ಟಣ್ಣ ಕಣಗಾಲರ 1972ರ ಸಿನಿಮಾ ಅದೊಂದೇ ಕಾದಂಬರಿಯದಲ್ಲ, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ವೂ ಸೇರಿವೆ. ಮೂರೂ ಪುಸ್ತಕ ಸಿಕ್ಕ ಮೇಲೇ ಆ ತಿಂಗಳು ಶುರುಮಾಡಿ.